ಸೀಟು ಹೊಲಿಸಿದ್ದು

ನಮ್ಮವರ ಯೆಜ್ಡಿ ಗಾಡಿಗೆ ಮನೆಯಲ್ಲಿ ನನಗಿಂತ ಮರ್ಯಾದೆ ಹೆಚ್ಚು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿ ಮಾತ್ರ ಇಂಡಿ-ಸಿಂದಗಿ ದಾರಿಯಲ್ಲಿ ಇನ್ನೂ ಗುಡುಗುತ್ತಿದೆ. ಹೋದ ಬೇಸಿಗೆಯಲ್ಲಿ ಅದರ ರೆಕ್ಸಿನ್ ಸೀಟು ಸೀಳಿತು. "ಈ ಸಲ ಚರ್ಮದ್ದೇ ಹಾಕಿಸೋಣು" ಎಂದರು.

ಸಿಂದಗಿಯಲ್ಲಿ ಸೀಟು ಹೊಲಿಯುವವನು ನನ್ನ ಹಳೆಯ ವಿದ್ಯಾರ್ಥಿ. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ಹಳೆಯ ಹೊದಿಕೆ ಬಿಚ್ಚಿ, ಅದೇ ತುಂಡುಗಳನ್ನು ಅಳತೆಗಿಟ್ಟು ರಂಪಿಗೆಯಿಂದ ಚರ್ಮ ಕೊಯ್ದ. ಬಟ್ಟೆಯಲ್ಲಾದರೆ ತಪ್ಪಿದ ಹೊಲಿಗೆ ಬಿಚ್ಚಬಹುದು; ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ. ಅದಕ್ಕೇ ಮೊದಲು ಗುರುತು, ಆಮೇಲೆ ಉಳಿ. ಮೇಣ ಸವರಿದ ದಾರದ ಎರಡೂ ತುದಿಗೆ ಸೂಜಿ; ಒಂದೇ ತೂತಿನಲ್ಲಿ ಅತ್ತಿಂದೊಂದು ಇತ್ತಿಂದೊಂದು. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದಂತೆ. ಕೊನೆಗೆ ಚರ್ಮಕ್ಕೆ ತುಸು ನೀರು ಹಚ್ಚಿ ಸ್ಪಂಜಿನ ಮೇಲೆ ಜಗ್ಗಿ ಕೂಡಿಸಿದ. ಅಡ್ಡ ಕೂಡುವ ನನಗಾಗಿ ಎಡಬದಿಗೆ ಸ್ಪಂಜು ದಪ್ಪಗಿಟ್ಟಿದ್ದ, ಹೇಳದೆಯೇ.

ಬೋರ್ಡಿನ ಮೇಲೆ 'ರೆಕ್ಸಿನ್ ಸೀಟ್ ಕವರ್' ಎಂದಷ್ಟೇ ಇತ್ತು.

"ಚರ್ಮದ್ದು ಅಂತ ಯಾಕ ಬರೆಸಿಲ್ಲೋ?"

"ಬರೆಸಿದರ ಅಂಗಡಿ ಬಾಡಿಗಿಗಿ ಸಿಗೂದಿಲ್ರೀ, ಅಕ್ಕೋರ."

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಜಿಲ್ಲೆಯ ಹೆಸರೂ ಅದರಲ್ಲಿತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿಯೂ ಇದೇ ಜಿಲ್ಲೆ. ಹರಳಯ್ಯನ ಚಮ್ಮಾವುಗೆಯ ಕಥೆ ಹೇಳುವಾಗ ಈ ಹುಡುಗ ಕಣ್ಣರಳಿಸಿ ಕೇಳುತ್ತಿದ್ದ.

ಹೊರಡುವಾಗ ಮಗಳ ಶಾಲೆಯ ಅರ್ಜಿ ಮುಂದಿಟ್ಟ. ತುಂಬುತ್ತ ತಂದೆಯ ಉದ್ಯೋಗದ ಸಾಲಿಗೆ ಬಂದೆ. ಪೆನ್ನು ನಿಂತಿತು.

"ಟೇಲರ್ ಅಂತ ಬರೀರಿ, ಅಕ್ಕೋರ" ಎಂದ.