ನಳಿಕೆಯೊಳಗೆ ಉಳಿದಿದ್ದ ಮದ್ದು

ಗುಬ್ಬಿ, ಕುಣಿಗಲ್ ಸೀಮೆಯ ಹಳೇ ಮನೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಕೇಪಿನ ಕೋವಿ ಉಳಿದಿದೆ. ಬಾಯಿಂದ ಮದ್ದು ತುಂಬಿ, ಗಜದಲ್ಲಿ ಜಡಿದು, ಕೇಪು ಇಟ್ಟು ಹೊಡೆಯುವ ಒಂಟಿ ನಳಿಕೆ ಕೋವಿ. ನಮ್ಮ ಮನೆಯದೂ ಅಂಥದ್ದೇ, ತಾತನ ಅಪ್ಪನ ಕಾಲದ್ದು. ಬೆಳೆ ಕಾಯಲು ಅಂತ ಲೈಸೆನ್ಸ್. ಕಡಲೆಕಾಯಿ ಹೊಲಕ್ಕೆ ಹಂದಿ ಇಳಿದರೆ ತಾತ ಚರೆ ಹಾಕುತ್ತಿರಲಿಲ್ಲ. ಬರೀ ಮದ್ದು, ಅದರ ಮೇಲೆ ತೆಂಗಿನ ನಾರು. ಸದ್ದಿಗೇ ಹಂದಿ ಓಡುತ್ತಿದ್ದವು. ನಾವು ಹುಡುಗರು ಕಿವಿ ಮುಚ್ಚಿಕೊಂಡು ಹಿಂದೆ ನಿಲ್ಲುತ್ತಿದ್ದೆವು.

ಹೊಡೆಯುವುದು ಒಂದು ಕ್ಷಣ, ತೊಳೆಯುವುದು ಅರ್ಧ ದಿನ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಬರೀ ಎಣ್ಣೆ ಸವರಿದರೆ ಅದು ಹೋಗುವುದಿಲ್ಲ. ಬಿಸಿನೀರು ಹುಯ್ದು, ಗಜಕ್ಕೆ ಬಟ್ಟೆ ಸುತ್ತಿ, ನೀರು ತಿಳಿಯಾಗುವ ತನಕ ಉಜ್ಜಬೇಕು. ಒಣಬಟ್ಟೆ ಆಡಿಸಿ, ಕೊನೆಗೆ ತೆಳ್ಳಗೆ ಎಣ್ಣೆ. ಆಯುಧಪೂಜೆಯ ದಿನ ಕುಡುಗೋಲು, ನೇಗಿಲಿನ ಜೊತೆ ಅದಕ್ಕೂ ಅರಿಶಿನ ಕುಂಕುಮ.

2019ರ ಕೊನೆ, 2020ರ ಮೊದಲಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ಜನರನ್ನೇ ಕೊಂದಿತು. ಮಕ್ಕಳೂ ಸತ್ತರು. ಸುದ್ದಿಗೆ ಹೋದ ಕಡೆಯೆಲ್ಲ ನಮಗೆ ಒಂದೇ ಪ್ರಶ್ನೆ: "ಮನೇಲಿ ಕೋವಿ ಇದೆಯಲ್ಲ, ಹೊಡೀಬಾರ್ದಾ?" ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆ ಮೊದಲ ಪಟ್ಟಿಯಲ್ಲಿದೆ. ಮನುಷ್ಯರಿಗೆ ಅಪಾಯ ಅಂತ ಕೊಲ್ಲಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಮೇಲೆರಗಿದಾಗ ಪ್ರಾಣ ಉಳಿಸಿಕೊಳ್ಳುವ ಮಾತು ಬೇರೆ. ಆದರೆ ಮಗು ಕಳಕೊಂಡ ಮನೆಯ ಜಗಲಿಯಲ್ಲಿ ಕೂತು ಕಾಯ್ದೆ ಹೇಳಲು ನಮಗೆ ಬಾಯಿ ಬರಲಿಲ್ಲ.

ಅದೇ ವರ್ಷ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ. ಕೋವಿ ಠೇವಣಿ ಇಡಬೇಕು ಅಂತ ಸ್ಟೇಷನ್‌ನಿಂದ ಹೇಳಿ ಕಳಿಸಿದರು. "ತುಕ್ಕು ಹಿಡಿದ್ರೆ ಮರ್ಯಾದೆ ಹೋಗ್ತದೆ, ತೊಳ್ದು ಕೊಡ್ರಪ್ಪ" ಅಂದರು ತಾತ. ನೀರು ಹುಯ್ಯುವ ಮುಂಚೆ ಗಜ ಇಳಿಸಿ ನೋಡುವುದು ಮನೆಯ ರೂಢಿ. ಬಾಯಿಯ ಮಟ್ಟಕ್ಕೆ ಹೆಬ್ಬೆರಳಿಟ್ಟು, ಗಜ ಹೊರಗೆ ತೆಗೆದು ನಳಿಕೆಯ ಪಕ್ಕಕ್ಕೆ ಹಿಡಿದೆವು. ತಳ ಮುಟ್ಟಲು ಇನ್ನೂ ನಾಲ್ಕು ಬೆರಳು ಬೇಕಿತ್ತು.

ಒಳಗೆ ಮದ್ದಿತ್ತು.

ತಾತ ಸುಮ್ಮನೆ ಕೂತರು. ಆಮೇಲೆ, "ಚಿರತೆ ಬಂದ್ರೆ ಇರ್ಲಿ ಅಂತ ಚರೆ ಹಾಕಿ ತುಂಬಿದ್ದೆ ಕಣಪ್ಪ. ಮರ್ತೇಹೋಯ್ತು" ಅಂದರು. ಸುಮಾರು ಹತ್ತು ತಿಂಗಳು ತುಂಬಿದ ಕೋವಿ ಗೋಡೆಗೆ ನೇತಾಡಿತ್ತು. ಅದರ ಕೆಳಗೇ ಮಗುವಿನ ತೊಟ್ಟಿಲು.

ಚಿಕ್ಕಪ್ಪ, "ತೋಟದ ಬದೀಗೆ ಹೊಡ್ದುಬಿಡಾಣ" ಅಂದರು. ಅಜ್ಜಿ ಒಪ್ಪಲಿಲ್ಲ. ತುಮಕೂರಿನಿಂದ ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆಸಿದೆವು. ಅವರು ಮೊದಲು ನಳಿಕೆಗೆ ನೀರು ಹುಯ್ದು ಮದ್ದು ನೆನೆಸಿದರು. ಆಮೇಲೆ ಗಜದ ತುದಿಗೆ ತಿರುಪು ಹಾಕಿ ನಾರು ಎಳೆದರು. ಚರೆ ಒಂದೊಂದೇ ತಟ್ಟೆಗೆ ಬಿತ್ತು. ಒಳಗೆ ಬೆಳಕು ಬಿಟ್ಟು ನೋಡಿ, "ತಳದಲ್ಲಿ ತುಕ್ಕು ಕೊರೆದದೆ. ಹೊಡೆದಿದ್ರೆ ನಳಿಕೆ ಸೀಳಿ ಹೊಡೆದವರ ಮುಖಕ್ಕೇ ಬರ್ತಿತ್ತು" ಅಂದರು.

2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಬದುಕಿದ್ದಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ತಾತನಿಗೆ 80 ದಾಟಿತ್ತು. ಯಾರ ಹೆಸರಿಗೆ ಅಂತ ಕೇಳಿದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಅಲ್ಲಿ ಅದು ಕುಲದ ಗುರುತು. ನಮಗೆ ಅದು ಹೊಲ ಕಾಯುವ ಸಾಮಾನು. ಕೆಟ್ಟ ಸಾಮಾನನ್ನು ಮಕ್ಕಳಿರುವ ಮನೆಯಲ್ಲಿ ಇಡಬಾರದು ಅಂತ ಕೊನೆಗೆ ತಾತನೇ ಹೇಳಿದರು. ಠೇವಣಿಗೆ ಹೋದ ಕೋವಿಯನ್ನು ವಾಪಸ್ ತರಲಿಲ್ಲ, ಲೈಸೆನ್ಸನ್ನೂ ಒಪ್ಪಿಸಿದೆವು. ಅವತ್ತು ರಾತ್ರಿ ತಾತ ಊಟ ಮಾಡಲಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಕೋವಿ ಇದ್ದರೆ, ಖಾಲಿ ಅಂತ ಯಾರು ಹೇಳಿದರೂ ನಂಬಬೇಡಿ. ಕೇಪು ತೆಗೆದಿದೆಯಾ ನೋಡಿ, ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಪಕ್ಕದಿಂದ ಗಜ ಇಳಿಸಿ ಅಳೆಯಿರಿ. ಅನುಮಾನ ಬಂದರೆ ಕೈ ಹಾಕದೆ ತಿಳಿದವರನ್ನು ಕರೆಸಿ. ಮದುವೆ, ಜಾತ್ರೆಯ ಸಂಭ್ರಮಕ್ಕೆ ಹೊಡೆದು ಜನರ ಪ್ರಾಣಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚಿರತೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.