ನಿಧಾನವಾಗಿ ನೋಡತಕ್ಕವು

ಪ್ರೋಗ್ರಾಮಿಂಗಿನಲ್ಲಿ ಪಳಗಲು ಯಾವ ವೀಡಿಯೊ ನೋಡಬೇಕೆಂದು ಟೆಕ್ಸಸ್ಸಿನ ಫ್ಲವರ್ ಮೌಂಡಿನ ನಮ್ಮ ಕನ್ನಡದ ತರುಣರು ವಿಚಾರಿಸಿದಾಗಲೆಲ್ಲ, ಇಂದು ಹುಟ್ಟಿ ನಾಳೆ ಹಳಸುವ ಪಾಠಗಳನ್ನು ಬದಿಗಿರಿಸಿ, 1986ರಲ್ಲಿ ಏಬಲ್ಸನ್ ಮತ್ತು ಸಸ್‌ಮನ್ ಎಂಬ ಎಂ.ಐ.ಟಿ. ಪ್ರಾಧ್ಯಾಪಕರು ಹ್ಯೂಲೆಟ್-ಪ್ಯಾಕರ್ಡ್ ನೌಕರರ ಮುಂದೆ ಸೀಮೆಸುಣ್ಣ ಹಿಡಿದು ನಿಂತು ನೀಡಿದ ಉಪನ್ಯಾಸಮಾಲೆಯನ್ನೇ ನಾನು ಸೂಚಿಸುವುದುಂಟು. ಕಂಪ್ಯೂಟರ್ ವಿಜ್ಞಾನಿ ಗೈ ಸ್ಟೀಲರು 1998ರಲ್ಲಿ ಮಾಡಿದ ಭಾಷಣವಂತೂ ವಿಲಕ್ಷಣವಾದುದು: ಏಕಾಕ್ಷರದ ಇಂಗ್ಲಿಷ್ ಪದಗಳಿಂದಲೇ ಮಾತನ್ನಾರಂಭಿಸಿ, ಅದಕ್ಕಿಂತ ದೀರ್ಘವಾದ ಪದವು ಬೇಕಾದೊಡನೆ ಮೊದಲು ಅದರ ಅರ್ಥವನ್ನು ವಿವರಿಸಿ, ಅನಂತರವೇ ಅದನ್ನು ಬಳಸುತ್ತ, ಕಂಪ್ಯೂಟರ್ ಭಾಷೆಯು ಬಳಸುವವರ ಕೈಯಲ್ಲಿ ಬೆಳೆಯುವಂತಿರಬೇಕೆಂಬ ತತ್ತ್ವವನ್ನು ಅವರು ಸಭಿಕರೆದುರಿಗೇ ಮಾಡಿ ತೋರಿಸಿದರು. ನಮ್ಮ ಟೆಕ್ಸಸ್ಸಿನವರೇ ಬೇಕೆಂದರೆ, 1984ರಲ್ಲಿ ಆಸ್ಟಿನ್ನಿನ ವಿಶ್ವವಿದ್ಯಾಲಯಕ್ಕೆ ಬಂದು ನೆಲೆಸಿದ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರ ಅವರೊಡನೆ ಡಚ್ ದೂರದರ್ಶನವು ನಡೆಸಿದ ಸಂದರ್ಶನವಿದೆ. ಅದರಲ್ಲಿ ಅವರು, ಇಡೀ ಕೃತಿಯನ್ನು ಮನಸ್ಸಿನಲ್ಲಿಯೇ ಪೂರ್ಣಗೊಳಿಸಿಕೊಂಡು ಬರೆಯಲು ತೊಡಗುವ ಮೊಸಾರ್ಟನನ್ನೂ, ಬರೆಯುತ್ತ ಬರೆಯುತ್ತಲೇ ತಿದ್ದಿ ಕಾಗದದ ತೇಪೆ ಹಚ್ಚುವ ಬೀಥೋವನನನ್ನೂ ಎದುರುಬದುರು ನಿಲ್ಲಿಸಿ, ಪ್ರೋಗ್ರಾಂ ಬರೆಯುವವರಲ್ಲಿಯೂ ಈ ಎರಡು ಬಗೆಗಳುಂಟೆನ್ನುತ್ತಾರೆ. ವೇಗವನ್ನು ಇಮ್ಮಡಿಗೊಳಿಸಿ ನೋಡುವ ಅಭ್ಯಾಸವುಳ್ಳವರು ಇವನ್ನಾದರೂ ಸಹಜಗತಿಯಲ್ಲಿ ನೋಡಲಿ. ಇಂಥ ಗುರುಗಳು ಮಾತು ತಡೆದು ಯೋಚಿಸುವ ಕ್ಷಣಗಳಲ್ಲಿಯೇ ಪಾಠದ ಬಹುಭಾಗವಿರುವುದು.