ಕಣ್ಣು ಬಿಟ್ಟು ಮಲಗಿದ ಮದ್ಲೆನ್

ಕಾಡಿನಲ್ಲಿರುವ ಹೆಂಗಸಿನ ಚಿತ್ರ ಎಂದರೆ ನಮ್ಮ ಕಣ್ಣ ಮುಂದೆ ಮೊದಲು ಬರುವುದು ಸೌದೆ ಹೊರೆ. ಫ್ರಾನ್ಸಿನಲ್ಲೂ ಅದೇ ಕತೆ. ಅಲ್ಲಿನ ರೈತರ ಬದುಕನ್ನು ಬಿಡಿಸಿ ಹೆಸರಾದ ಮಿಲೆಯ ಚಿತ್ರಗಳಲ್ಲಿ ಕಾಡಿನಿಂದ ಬರುವ ಹೆಂಗಸರು ಪುಳ್ಳೆ ಹೊರೆಯ ಭಾರಕ್ಕೆ ಬಾಗಿಹೋಗಿದ್ದಾರೆ. ಆದರೆ 1888ರಲ್ಲಿ ಎಮಿಲ್ ಬರ್ನಾರ್ ಬಿಡಿಸಿದ ಒಂದು ದೊಡ್ಡ ಚಿತ್ರದಲ್ಲಿ ಹುಡುಗಿ ಕಾಡಿನಲ್ಲಿ ಯಾವ ಕೆಲಸವನ್ನೂ ಮಾಡುತ್ತಿಲ್ಲ. ನೆಲದ ಮೇಲೆ ಉದ್ದಕ್ಕೆ ಮಲಗಿದ್ದಾಳೆ, ಅಷ್ಟೇ.

ನಿದ್ದೆ ಮಾಡುತ್ತಿದ್ದಾಳೆ ಅಂದುಕೊಳ್ಳಬೇಡಿ. ತಲೆಗೆ ಕೈ ಆನಿಸಿದ್ದಾಳೆ, ಕಣ್ಣು ಬಿಟ್ಟಿದ್ದಾಳೆ. ಹಿಂದೆ ತೆಳ್ಳನೆಯ ಮರಗಳು ಕಂಬಗಳ ಹಾಗೆ ನೆಟ್ಟಗೆ ನಿಂತಿವೆ, ಅವುಗಳ ಆಚೆ ಅವೆನ್ ನದಿ ಇದೆ. ಮರಗಳೆಲ್ಲ ನಿಂತಿವೆ, ಅವಳೊಬ್ಬಳೇ ಮಲಗಿದ್ದಾಳೆ. ಏನನ್ನು ಯೋಚಿಸುತ್ತಿದ್ದಾಳೆ ಎಂದು ಚಿತ್ರ ಹೇಳುವುದಿಲ್ಲ.

ಸುದ್ದಿ ಬರೆಯುವ ನಮಗೆ ಯಾವ ಫೋಟೋ ಬಂದರೂ ಮೊದಲ ಪ್ರಶ್ನೆ, ಇದರಲ್ಲಿ ಇರುವವರು ಯಾರು? ಇಲ್ಲಿ ಉತ್ತರ ಚಿತ್ರದ ಹೆಸರಿನಲ್ಲೇ ಇದೆ: 'ಬ್ವಾ ದಾಮೂರ್‌ನಲ್ಲಿ ಮದ್ಲೆನ್'. ಬ್ವಾ ದಾಮೂರ್ ಎಂದರೆ ಪ್ರೀತಿಯ ಕಾಡು. ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟಾನಿ ಸೀಮೆಯಲ್ಲಿ ಪೊಂತಾವೆನ್ ಎಂಬ ಊರಿದೆ. ಅದರ ಪಕ್ಕದ ಕಾಡು ಇದು. ಮದ್ಲೆನ್ ಚಿತ್ರಕಾರನ ತಂಗಿ. ಅವಳಿಗೆ 17, ಅಣ್ಣನಿಗೆ 20. ತಾಯಿಯ ಜೊತೆ ಆ ಬೇಸಿಗೆಯಲ್ಲಿ ಅಲ್ಲಿಗೆ ಬಂದಿದ್ದಳು. ಊರಿನ ಹೆಂಗಸರಿಗೆ ಹಗಲಿನಲ್ಲಿ ಹೀಗೆ ಮಲಗುವಷ್ಟು ಪುರುಸೊತ್ತು ಇದ್ದಿರಲಿಕ್ಕಿಲ್ಲ. ಅದೂ ಚಿತ್ರದ ಒಂದು ಭಾಗವೇ ಎಂದು ನಮಗನ್ನಿಸುತ್ತದೆ.

ಖರ್ಚು ಕಡಿಮೆ ಎಂದು ಕಲಾವಿದರು ಗುಂಪಾಗಿ ಬಂದು ಉಳಿಯುತ್ತಿದ್ದ ಊರು ಪೊಂತಾವೆನ್. ಆ ವರ್ಷ 40ರ ಪಾಲ್ ಗೊಗ್ಯಾನ್ ಕೂಡ ಅಲ್ಲಿದ್ದ. ಕಂಡದ್ದನ್ನು ಕಂಡ ಹಾಗೇ ಬಿಡಿಸಬೇಕಿಲ್ಲ, ಮನಸ್ಸಿನಲ್ಲಿ ಉಳಿದದ್ದನ್ನು ಬಿಡಿಸಿದರೆ ಸಾಕು ಎಂದು ಗೊಗ್ಯಾನ್, ಬರ್ನಾರ್ ಇಬ್ಬರೂ ಸೇರಿ ಹೊಸ ದಾರಿ ಹುಡುಕುತ್ತಿದ್ದರು. ಅದೇ ಅಕ್ಟೋಬರಿನಲ್ಲಿ, ಅದೇ ಕಾಡಿನಲ್ಲಿ, ಸೆರೂಸ್ಯೆ ಎಂಬ ತರುಣನಿಗೆ ಗೊಗ್ಯಾನ್ ಹೇಳಿಕೊಟ್ಟ ಪಾಠ ಕಲೆಯ ಚರಿತ್ರೆಯಲ್ಲಿ ಪ್ರಸಿದ್ಧ: ಮರ ಹಳದಿಯಾಗಿ ಕಂಡರೆ ನಿನ್ನ ಹತ್ತಿರ ಇರುವ ಒಳ್ಳೆಯ ಹಳದಿಯನ್ನೇ ಹಚ್ಚು.

ಈ ಗೊಗ್ಯಾನ್ ಮದ್ಲೆನ್‌ಗೆ ಮನಸೋತ. ಅವನಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಮತ್ತು ಐದು ಮಕ್ಕಳು ಡೆನ್ಮಾರ್ಕಿನಲ್ಲಿದ್ದರು. ಅವನೂ ಮದ್ಲೆನ್‌ಳ ಚಿತ್ರ ಬಿಡಿಸಿದ. ಅದು ಈಗ ಗ್ರೆನೋಬಲ್ ಮ್ಯೂಸಿಯಂನಲ್ಲಿದೆ. ಅವಳಿಗೆ ಒಂದು ಪತ್ರವನ್ನೂ ಬರೆದ: ಸ್ವತಂತ್ರವಾಗಿ ಬದುಕಬೇಕಾದರೆ ನಿನ್ನನ್ನು ನೀನು ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದುಕೊಳ್ಳಬೇಕು ಎಂಬುದು ಅದರ ಸಾರ. ಮಾತೇನೋ ಒಳ್ಳೆಯದೇ. ಹೇಳಿದವನು ಯಾರು ಎಂದು ನೋಡಿದಾಗ ನಮಗೆ ಸ್ವಲ್ಪ ನಗು ಬರುತ್ತದೆ.

ಮದ್ಲೆನ್ ಅವನನ್ನು ಒಪ್ಪಲಿಲ್ಲ. ಅವನ ಗೆಳೆಯ, ಅವನ ಜೊತೆ ಪನಾಮಾ ಮತ್ತು ಮಾರ್ಟಿನಿಕ್‌ವರೆಗೆ ಹೋಗಿ ಬಂದಿದ್ದ ಶಾರ್ಲ್ ಲವಾಲ್ ಎಂಬ ಚಿತ್ರಕಾರನ ಜೊತೆ ಮದುವೆ ನಿಶ್ಚಯ ಮಾಡಿಕೊಂಡಳು. 1891ರಲ್ಲಿ ಒಬ್ಬ ವಿಮರ್ಶಕ ಹೊಸ ಶೈಲಿಯ ಹಿರಿಮೆಯನ್ನೆಲ್ಲ ಗೊಗ್ಯಾನ್‌ಗೇ ಕೊಟ್ಟು ಬರೆದ. ಬರ್ನಾರ್‌ನ ಹೆಸರೇ ಅದರಲ್ಲಿ ಇರಲಿಲ್ಲ. ಅಲ್ಲಿಗೆ ಸ್ನೇಹ ಮುರಿಯಿತು. ಆ ಜಗಳದಲ್ಲಿ ಮದ್ಲೆನ್ ಅಣ್ಣನ ಪರ ನಿಂತು, ನೀನು ದ್ರೋಹಿ ಎಂದು ಗೊಗ್ಯಾನ್‌ಗೆ ಮುಖಕ್ಕೇ ಹೇಳಿದಳು ಎಂಬ ಮಾತಿದೆ. ನಿಜವಾಗಿದ್ದರೆ, ಆಗ ಅವಳಿಗೆ ಇನ್ನೂ ಇಪ್ಪತ್ತರ ಆಸುಪಾಸು.

ಮುಂದಿನದು ಬೇಗ ಮುಗಿದುಹೋಯಿತು. ಬರ್ನಾರ್ 1893ರಲ್ಲಿ ಈಜಿಪ್ಟಿಗೆ ಹೋದ. ಕ್ಷಯ ಹಿಡಿದಿದ್ದ ಲವಾಲ್ 1894ರಲ್ಲಿ ತೀರಿಕೊಂಡ. ಮರುವರ್ಷ ಕೈರೋದಲ್ಲಿ, ಅದೇ ಕಾಯಿಲೆಯಿಂದ ಮದ್ಲೆನ್ ಕೂಡ ಹೋದಳು. 24 ತುಂಬಿತ್ತೋ ಇಲ್ಲವೋ ಎನ್ನುವ ವಯಸ್ಸು. ಅಣ್ಣ 1941ರವರೆಗೆ ಬದುಕಿದ್ದ. ಆ ಶೈಲಿ ಮೊದಲು ಶುರುಮಾಡಿದ್ದು ತಾನು ಎಂದು ವಾದಿಸುತ್ತಲೇ ಇದ್ದ. ಗೊಗ್ಯಾನ್‌ನ ಬಗ್ಗೆ ಪುಸ್ತಕಗಳ ರಾಶಿಯೇ ಇದೆ. ಮದ್ಲೆನ್ ಸಿಗುವುದು ಹೆಚ್ಚಾಗಿ ಆ ಪುಸ್ತಕಗಳ ಒಂದೆರಡು ಸಾಲಿನಲ್ಲಿ, ಇಂಥವನ ತಂಗಿ, ಇಂಥವನು ಮೆಚ್ಚಿದ ಹುಡುಗಿ ಎಂದು.

ಅಣ್ಣನ ಚಿತ್ರ ಪ್ಯಾರಿಸಿನ ಓರ್ಸೆ ಮ್ಯೂಸಿಯಂನಲ್ಲಿದೆ. 138 ಸೆಂಟಿಮೀಟರ್ ಎತ್ತರ, 163 ಅಗಲ. ಅಂದರೆ ಅಡ್ಡಕ್ಕೆ ಹೆಚ್ಚುಕಡಿಮೆ ಐದೂಕಾಲು ಅಡಿ. ಅಲ್ಲಿ ಎದುರು ನಿಂತವರಿಗೆ ಅವಳು ಸುಮಾರು ನಿಜವಾದ ಆಳಿನ ಅಳತೆಯಲ್ಲೇ ಕಾಣುತ್ತಾಳೆ. ನಮ್ಮ ಫೋನಿನಲ್ಲಿ ಬೆರಳುದ್ದ. ಹುಡುಕಿ ನೋಡುವವರು ಫೋನನ್ನು ಅಡ್ಡ ಹಿಡಿಯಿರಿ. ಮರಗಳು ಆಮೇಲೆ. ಮೊದಲು ಅವಳ ಮುಖವನ್ನು ದೊಡ್ಡದು ಮಾಡಿ, ಕಣ್ಣುಗಳನ್ನು ನೋಡಿ.